ಅಪ್ಪನ ಬಾಯಲ್ಲಿ ಉಳಿದ ಒಂದು ವಾಕ್ಯ

ನಂಜನಗೂಡು
೧೮ ಫೆಬ್ರವರಿ ೨೦೨೫, ಮಂಗಳವಾರ

ಪ್ರೀತಿಯ ತಮ್ಮ ಹೇಮಂತನಿಗೆ,

ಹೇಗಿದ್ದೀಯಪ್ಪ? ನೀನಿರುವ ಅರುಣಾಚಲದ ಬೆಟ್ಟದ ಮೇಲೆ ಈಗ ಹಿಮ ಬೀಳುತ್ತದೆ ಎಂದು ನಿನ್ನ ಗೆಳೆಯ ಕಿರಣ್ ಹೇಳಿದ. ನಿನ್ನದು ಮೊದಲೇ ಶೀತದ ಮೈ. ಚಿಕ್ಕವನಿದ್ದಾಗ ಕಪಿಲಾ ಹೊಳೆಯಲ್ಲಿ ಒಂದು ಮುಳುಗು ಹಾಕಿ ಬಂದರೆ ವಾರಗಟ್ಟಲೆ ಮೂಗು ಸೋರಿಸಿಕೊಂಡು ತಿರುಗುತ್ತಿದ್ದೆ. ಜೆಸಿಬಿಯ ಗಾಜು ಮುಚ್ಚಿಕೊಂಡೇ ಕೆಲಸ ಮಾಡು, ಕಿವಿಗೆ ಹತ್ತಿ ಇಟ್ಟುಕೋ, ಬೀಡಿ ಕಡಿಮೆ ಮಾಡು. ರಸ್ತೆ ಕೆಲಸದ ಕ್ಯಾಂಪಿನಲ್ಲಿ ಮುದ್ದೆ ಕೇಳಿದರೆ ನಗುತ್ತಾರೇನೋ, ಹೊಟ್ಟೆ ತುಂಬ ಅನ್ನವನ್ನಾದರೂ ಉಣ್ಣು. ಇಷ್ಟು ಕೇಳಿದ ಮೇಲೆ ‘ಇತ್ತ ನಾವೆಲ್ಲರೂ ಕ್ಷೇಮ’ ಎಂದು ಬರೆಯಬೇಕು. ಪತ್ರ ಬರೆಯುವುದನ್ನು ಕಲಿಸುವಾಗ ಅಪ್ಪ ನಮ್ಮಿಬ್ಬರ ಕೈಯಲ್ಲೂ ಆ ಸಾಲನ್ನು ಮೊದಲು ಬರೆಸುತ್ತಿದ್ದರು. ಇವತ್ತು ಅದನ್ನು ಬರೆಯಲು ನನ್ನ ಕೈಲಿ ಆಗುವುದಿಲ್ಲ, ಬಿಟ್ಟು ಮುಂದೆ ಹೋಗುತ್ತೇನೆ.

ನಾನು ಕಾಗದ ಹಿಡಿದು ಕೂತದ್ದನ್ನು ನೋಡಿ ನಿನ್ನ ಭಾವನಿಗೆ ಆಶ್ಚರ್ಯ. ಇನ್ನೇನು ಮಾಡಲಿ? ಅಪ್ಪನ ಮೇಲಿನ ಸಿಟ್ಟಿಗೆ ನನ್ನ ನಂಬರನ್ನೂ ನೀನು ಬ್ಲಾಕ್ ಮಾಡಿ ಮೂರು ವರ್ಷವಾಯಿತು. ಕಿರಣನಿಗೂ ನೀನು ಬೆಟ್ಟ ಇಳಿದು ಪೇಟೆಗೆ ಬಂದಾಗ ಮಾತ್ರ ಸಿಗುವುದಂತೆ. ಹೊಸ ವರ್ಷದಿಂದ ಈಚೆಗೆ ಅವನು ಎಷ್ಟು ಸಲ ಮಾಡಿದರೂ ನಿನ್ನ ಫೋನು ಆಫ್. ಕೊನೆಗೆ ಮೊನ್ನೆ ಅವನ ಮೊಬೈಲ್ ಅಂಗಡಿಗೇ ಹೋಗಿ ಕ್ಯಾಂಪಿನ ವಿಳಾಸ ಈಸಿಕೊಂಡೆ. ಆಗ ಅವನು ನೀನು ಡಿಸೆಂಬರಿನಲ್ಲಿ ಕಳಿಸಿದ ಮೆಸೇಜನ್ನೂ ತೋರಿಸಿದ. ಅಪ್ಪನ ಹಳೆಯ ಶಿಷ್ಯರು ಮಾಡಿದ ಗುರುವಂದನೆಯ ವಿಡಿಯೊ ನಿನಗೂ ಬಂದಿದೆ ಎಂದು ಆಗಲೇ ನನಗೆ ಗೊತ್ತಾದದ್ದು. ಅಪ್ಪ ಶಾಲು ಹೊದ್ದು, ಮೈಸೂರು ಪೇಟ ಇಟ್ಟುಕೊಂಡು ಬೋರ್ಡಿನ ಮುಂದೆ ನಿಂತಿರುವುದು. ಹೊಟ್ಟೆ ಬಂದ ಗಂಡಸರು, ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡ ಹೆಂಗಸರು ಚಿಕ್ಕ ಬೆಂಚುಗಳಲ್ಲಿ ಇಕ್ಕಟ್ಟಾಗಿ ಕೂತು ಅಪ್ಪ ಹೇಳಿದ್ದನ್ನು ಒಟ್ಟಿಗೆ ಕೂಗುವುದು. ಅಪ್ಪನಿಗೆ ಹುಷಾರಿಲ್ಲ, ಬಾ ಎಂದು ಕಿರಣ್ ಅಂದದ್ದಕ್ಕೆ, ಅದನ್ನು ನೋಡಿಕೊಂಡು ನೀನು ಬರೆದದ್ದು ಇಷ್ಟು: ‘ಈ ವಯಸ್ಸಲ್ಲೂ ನನ್ನ ಮಲಗಿಸ್ತಾನೇ ಅವ್ರೆ ಕಣೋ. ಗಟ್ಟಿಯಾಗವ್ರೆ ಬುಡು, ನಾನ್ಯಾಕೆ ಬರ್ಲಿ.’ ಹೇಮಂತ, ಆ ವಿಡಿಯೊದಲ್ಲಿ ಅಪ್ಪ ಗಟ್ಟಿಯಾಗಿಲ್ಲ. ಅದು ಪಾಠವೂ ಅಲ್ಲ. ಅದನ್ನು ಹೇಳಲೆಂದೇ ಈ ಕಾಗದ.

ಮೊದಲು ಅಪ್ಪ ಪಾಠದಲ್ಲಿ ನಿನ್ನನ್ನು ಮಲಗಿಸುತ್ತಿದ್ದ ಆ ವಾಕ್ಯದ ವಿಷಯ. ಸಿಟ್ಟಿನಲ್ಲಿ ನೀನು ಅದರ ಅರ್ಧವನ್ನಷ್ಟೇ ನೆನಪಿಟ್ಟುಕೊಂಡಿದ್ದೀಯ, ಅದಕ್ಕೇ ಪೂರ್ತಿ ಬರೆಯುತ್ತೇನೆ. ಇಂಗ್ಲಿಷಿನ ಪಾಸ್ಟ್ ಪರ್ಫೆಕ್ಟ್ ಪಾಠಕ್ಕೆ ಎಲ್ಲ ಗೈಡುಗಳಲ್ಲೂ ಇರುವುದು ಒಂದೇ ಉದಾಹರಣೆ, ಡಾಕ್ಟರ್ ಬರುವ ಮೊದಲೇ ರೋಗಿ ಸತ್ತಿದ್ದ ಎನ್ನುವುದು. ಅಪ್ಪನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ‘ಬೆಳಗಾನೆದ್ದು ಮಕ್ಕಳ ಮುಂದೆ ಹೆಣ ಇಡ್ಬೇಕೇನಯ್ಯ’ ಎನ್ನುತ್ತಿದ್ದರು. ನೀನು ತೊಟ್ಟಿಲಲ್ಲಿದ್ದಾಗ ಅವರೇ ಒಂದು ವಾಕ್ಯ ಕಟ್ಟಿಕೊಂಡರು. ‘ಹೇಮಂತ್ ಹ್ಯಾಡ್ ಸ್ಲೆಪ್ಟ್ ಬಿಫೋರ್ ಐ ರೀಚ್ಡ್ ಹೋಮ್.’ ನಾನು ಮನೆ ಸೇರುವ ಮೊದಲೇ ಹೇಮಂತ ಮಲಗಿದ್ದ. ‘ಎರಡು ಕೆಲ್ಸ ನಡೆದ್ವು ಕಣ್ರೋ, ಎರಡೂ ಮುಗ್ದೋದ್ವು. ಯಾವ್ದು ಮುಂಚೆ ಮುಗೀತೋ ಅದಕ್ಕೆ ಹ್ಯಾಡ್ ಹಾಕಿ, ಜೊತೇಲಿ ಕ್ರಿಯಾಪದದ ಮೂರನೇ ರೂಪ ಹಾಕಿ. ಆಮೇಲೆ ಮುಗಿದದ್ದಕ್ಕೆ ಎರಡನೇ ರೂಪ ಸಾಕು. ಮಲಗಿದ್ದ, ಉಂಡಿದ್ದ, ಹೋಗಿದ್ದ ಅಂತ ನಿಮ್ಮವ್ವ ದಿನಾ ಅನ್ನಲ್ವಾ? ಆ ಇದ್ದನೇ ಹ್ಯಾಡು. ಹೆದರ್ಕೋಬೇಡಿ.’ ಅಪ್ಪ ಮೊದಲರ್ಧ ಹೇಳಿ ನಿಲ್ಲಿಸುವುದು, ತರಗತಿ ಉಳಿದರ್ಧವನ್ನು ಕೂಗುವುದು, ಇದು ಅವರ ಕ್ರಮ. ಅವರ ಕೈಯಲ್ಲಿ ಕಲಿತ ಒಂದು ಮಗುವೂ ಆ ಪ್ರಶ್ನೆಯಲ್ಲಿ ಅಂಕ ಕಳೆದುಕೊಂಡದ್ದಿಲ್ಲ ಎಂದು ಅವರಿಗೆ ಬಲು ಹೆಮ್ಮೆ. ಸೋಸಲೆ ದಾಟಿ ಆಚೆಗಿನ ಹಳ್ಳಿಗಳಲ್ಲಿ ನಿನ್ನನ್ನು ಕಣ್ಣಿಂದ ಕಾಣದವರಿಗೂ ನೀನು ಮಲಗುತ್ತಿದ್ದದ್ದು ಗೊತ್ತು.

ನರಸೀಪುರದ ಕಾಲೇಜಿಗೆ ಸೇರಿದ ಮೊದಲ ದಿನವೇ ನೀನು ಮುಖ ಊದಿಸಿಕೊಂಡು ಬಂದದ್ದು ನೆನಪಿದೆ. ಅಪ್ಪನ ಹಳೆಯ ಶಿಷ್ಯರೆಲ್ಲ ಸುತ್ತುವರಿದು ‘ಏನ್ಲಾ ಹೇಮಂತ, ಎದ್ಯಾ?’ ಎಂದು ಕೇಳಿದರಂತೆ. ನಾನೂ ಅವ್ವನೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು, ನೀನು ನಗಲಿಲ್ಲ. ಆಮೇಲೆ ಇಂಗ್ಲಿಷ್ ಮೇಷ್ಟ್ರ ಮಗನೇ ಇಂಗ್ಲಿಷಿನಲ್ಲಿ ಫೇಲಾದ ಎಂದು ಊರೆಲ್ಲ ಆಡಿಕೊಂಡಿತು. ನೀನು ಜೆಸಿಬಿ ಓಡಿಸಲು ಹೋದೆ. ಅಪ್ಪ ಕೇಳಿದವರಿಗೆಲ್ಲ ಮಗ ಕಂಟ್ರಾಕ್ಟ್ ಲೈನಿನಲ್ಲಿದ್ದಾನೆ ಎಂದು ಹೇಳುತ್ತಿದ್ದರು. ಮೂರು ವರ್ಷದ ಹಿಂದೆ ಆ ಜಗಳದಲ್ಲಿ ನೀನು ಅಂದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ‘ನಿಮ್ಮ ಉದಾಹರಣೇಲಿ ನಾನು ಯಾವಾಗ್ಲೂ ಮಲಗೇ ಇರ್ತೀನಿ. ಎದ್ದಿರೋ ಮಗನ್ನ ನೀವು ಒಂದಿನ ನೋಡ್ಲಿಲ್ಲ.’ ಅಪ್ಪ ಬಾಗಿಲು ತೋರಿಸಿದರು, ನೀನು ಹೋದೆ. ಇಬ್ಬರಲ್ಲಿ ಒಬ್ಬರಾದರೂ ಸ್ವಲ್ಪ ಸೋತಿದ್ದರೆ ನಾನು ಇವತ್ತು ಈ ಕಾಗದ ಬರೆಯುತ್ತಿರಲಿಲ್ಲ.

ಅಪ್ಪ ಯಾಕೆ ಸ್ಕೂಲಿನ ಊರಲ್ಲೇ ಮನೆ ಮಾಡಲಿಲ್ಲ, ಯಾಕೆ ದಿನಾ ನಂಜನಗೂಡಿನಿಂದ ಎರಡು ಬಸ್ಸು ಹತ್ತಿ ಹೋಗುತ್ತಿದ್ದರು ಎಂದು ನೀನು ಆಗಾಗ ಕೇಳುತ್ತಿದ್ದೆ. ಮನೆ ಮಾಡಲು ಹೋಗಿದ್ದರು ಕಣೋ. ಇಂಗ್ಲಿಷ್ ಮೇಷ್ಟ್ರು ಎಂದು ಕುರ್ಚಿ ಹಾಕಿ ಕೂರಿಸಿದ ಮನೆಯವರೇ, ಹುಟ್ಟೂರು ದೇವನೂರಿನಲ್ಲಿ ಅಪ್ಪನದು ಯಾವ ಕೇರಿ ಎಂದು ಗೊತ್ತಾದ ಮೇಲೆ, ಮನೆ ಖಾಲಿ ಇಲ್ಲ ಅಂದರಂತೆ. ಒಂದು ಮನೆಯಲ್ಲ, ಆ ಊರಿನ ಯಾವ ಮನೆಯೂ ಖಾಲಿ ಇರಲಿಲ್ಲ. ಅವ್ವ ಸಾಯುವ ಮುಂಚೆ ನನಗೆ ಹೇಳಿದ್ದು ಇದು. ನಿನಗೆ ಹೇಳಬಾರದು, ಹುಡುಗನ ಮನಸ್ಸು ಕೆಡುತ್ತದೆ ಎಂದು ಅಪ್ಪ ಕಟ್ಟಪ್ಪಣೆ ಮಾಡಿದ್ದರು. ಹಾಗಾಗಿ ನೀನು ಏಳುವ ಮುಂಚೆ ಬಸ್ಸು ಹತ್ತುತ್ತಿದ್ದರು, ಸಂಜೆ ಸ್ಪೆಷಲ್ ಕ್ಲಾಸ್ ಮುಗಿಸಿ ಕೊನೆಯ ಬಸ್ಸಿಗೆ ಬರುತ್ತಿದ್ದರು. ಬಂದವರು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದದ್ದು ‘ಹೇಮಂತ ಮಲಗಿದ್ನಾ?’ ಎಂದು. ಬೇಸರವನ್ನೇ ಪಾಠ ಮಾಡಿಕೊಂಡು ಬದುಕಿದ ಮನುಷ್ಯ ಅವರು. ಅದು ನಿನ್ನನ್ನು ಅಣಕಿಸಲು ಕಟ್ಟಿದ ವಾಕ್ಯವಲ್ಲ.

ಈಗ ಗುರುವಂದನೆಯ ದಿನಕ್ಕೆ ಬರುತ್ತೇನೆ. ಅವರನ್ನು ಕರೆಯಲು ಬಂದವನು ಚಂದ್ರಶೇಖರ್, ಅದೇ ಊರಿನವನು, ಅಪ್ಪನ ಶಿಷ್ಯ, ಈಗ ಅಲ್ಲಿನ ಹಾಲಿನ ಡೇರಿಯ ಸೆಕ್ರೆಟರಿ. ಅಂದು ಅಪ್ಪನಿಗೆ ಮನೆ ಇಲ್ಲ ಅಂದಿದ್ದ ಬೀದಿಯ ಹುಡುಗ ನಮ್ಮ ಮನೆಗೆ ಬಂದು, ಕಾಫಿ ಕುಡಿದು, ಹಣ್ಣು ಎಲೆಅಡಿಕೆಯ ತಟ್ಟೆ ಹಿಡಿದು ‘ನೀವು ಬರ್ದಿದ್ರೆ ಫಂಕ್ಷನ್ನೇ ಬ್ಯಾಡ ಸಾ’ ಎಂದು ಕಾಲು ಮುಟ್ಟಿದ. ಅಪ್ಪ ಏನೂ ತೋರಿಸಿಕೊಳ್ಳಲಿಲ್ಲ. ಅವನು ಹೋದ ಮೇಲೆ ಬಿಳಿ ಅಂಗಿಗೆ ತಾವೇ ಇಸ್ತ್ರಿ ಹಾಕಿಕೊಂಡರು. ನನ್ನ ಟೈಲರ್ ಅಂಗಡಿಗೆ ಬಂದು ಕಾಲರಿನ ದಾರ ಬಿಟ್ಟಿದೆ ನೋಡು ಎಂದು ಹೊಲಿಸಿಕೊಂಡರು. ಡಿಸೆಂಬರಿನ ಆ ಭಾನುವಾರ ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋದರು. ಪೇಟ ಇಟ್ಟು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟ ಮೇಲೆ ಇಂಥ ಕಡೆಯೆಲ್ಲ ಮಾಡುವ ಹಾಗೆ, ಹಳೆಯ ಕ್ಲಾಸ್‌ರೂಮಿನಲ್ಲಿ ಕೂತು ‘ಒಂದು ಪೀರಿಯಡ್ ತಗೊಳ್ಳಿ ಸಾ, ನಮ್ ಹೇಮಂತನ್ನ ಒಂದ್ಸಲ ಮಲಗ್ಸಿ ಸಾ’ ಎಂದು ದುಂಬಾಲು ಬಿದ್ದರಂತೆ.

ವಿಡಿಯೊ ಇನ್ನೊಂದು ಸಲ ನೋಡು, ನಿನ್ನ ಫೋನಿನಲ್ಲಿ ಇದ್ದರೆ. ಮೊದಲ ಸಲ ಅಪ್ಪ ವಾಕ್ಯ ಹೇಳಿದಾಗ ಎಲ್ಲ ಸರಿಯಾಗಿದೆ. ಬೋರ್ಡಿನ ಮೇಲೆ ಬರೆಯುತ್ತಾರೆ, ಮೊದಲ ಕೆಲಸದ ಕೆಳಗೆ ಗೆರೆ ಎಳೆಯುತ್ತಾರೆ. ಸಿಂಧು ಎಂಬ ಹುಡುಗಿ ಎದ್ದು ನಿಂತು ಬೇರೆ ಉದಾಹರಣೆ ಕೊಡಿ ಸಾ ಎನ್ನುತ್ತಾಳೆ. ಅಪ್ಪ ಬಾಯಿ ತೆರೆಯುತ್ತಾರೆ, ಅದೇ ವಾಕ್ಯ ಬರುತ್ತದೆ. ಎಲ್ಲರೂ ನಗುತ್ತಾರೆ. ಅವರು ತಲೆ ಅಲ್ಲಾಡಿಸಿ ಇನ್ನೊಮ್ಮೆ ಪ್ರಯತ್ನ ಪಡುತ್ತಾರೆ, ಮತ್ತೆ ಅದೇ. ಇವರು ಮತ್ತೆ ಕೋರಸ್. ಆಗ ಚಾಕ್‌ಪೀಸು ಕೈಯಿಂದ ಜಾರುತ್ತದೆ. ಕೈ ಖಾಲಿ ಇದ್ದರೂ ಅಪ್ಪ ಬೋರ್ಡಿನ ಮೇಲೆ ಬೆರಳು ಆಡಿಸುತ್ತಾರೆ, ಒಂದು ಕಡೆಯ ತುಟಿ ಕೆಳಗಿಳಿದಿದೆ, ಅದನ್ನು ನಗು ಅಂದುಕೊಂಡರು. ಯಾರೋ ಶಿಳ್ಳೆ ಹೊಡೆಯುತ್ತಾರೆ. ಕನ್ನಡದಲ್ಲಿ ಏನಾದರೂ ಬಡಬಡಿಸಿದ್ದರೆ ಮೇಷ್ಟ್ರಿಗೆ ಏನೋ ಆಗಿದೆ ಎಂದು ಯಾರಾದರೂ ಓಡಿ ಬರುತ್ತಿದ್ದರೇನೋ. ತಪ್ಪಿಲ್ಲದ ಇಂಗ್ಲಿಷ್ ಮಾತಾಡುತ್ತಿರುವವರಿಗೆ ಕಾಯಿಲೆ ಎಂದು ನಮ್ಮ ಕಡೆ ಯಾರು ತಿಳಿಯುತ್ತಾರೆ ಹೇಳು. ಅವರು ಸಹಾಯಕ್ಕೆ ಕೂಗಿಕೊಳ್ಳುತ್ತಿದ್ದರು ಕಣೋ. ಅವರ ಬಾಯಿಗೆ ಸಿಕ್ಕಿದ್ದು ಅದೊಂದೇ ಸಾಲು, ಇಡೀ ತರಗತಿ ಅದಕ್ಕೆ ಚಪ್ಪಾಳೆ ತಟ್ಟಿತು.

ಊಟಕ್ಕೆ ಕೂರಿಸಿದರು, ಅವರು ಎಲೆ ಮುಟ್ಟಲಿಲ್ಲ. ಖುಷಿಗೆ ಹೊಟ್ಟೆ ತುಂಬಿದೆ ಅಂದುಕೊಂಡರು. ಸಾವಕಾಶವಾಗಿ ಫೋಟೊ ತೆಗೆಸಿಕೊಂಡು ಸಂಜೆ ಕರೆತಂದರು. ಕಾರಿನಿಂದ ಇಳಿಯುತ್ತಲೇ ಚಂದ್ರಶೇಖರ್ ‘ದಾರಿ ಉದ್ದಕ್ಕೂ ನಮಗೆ ಪಾಠ ಮಾಡ್ಕಂಡೇ ಬಂದ್ರು ಕಣಕ್ಕ’ ಎಂದ. ಅಪ್ಪನ ಮುಖ ನೋಡಿದ ಕೂಡಲೇ ಅವರನ್ನು ಇಳಿಸಬೇಡಿ ಅಂದೆ. ಅದೇ ಕಾರನ್ನು ತಿರುಗಿಸಿ ಮೈಸೂರಿಗೆ ಹೊಡೆಸಿದೆವು. ಯಾವಾಗ ಶುರುವಾಯಿತು ಎಂದು ಡಾಕ್ಟರ್ ಕೇಳಿದಾಗ ಯಾರಿಗೂ ಹೇಳಲು ಗೊತ್ತಾಗಲಿಲ್ಲ, ಚಂದ್ರಶೇಖರ್ ವಿಡಿಯೊ ತೆಗೆದು ಅವರ ಕೈಗೆ ಕೊಟ್ಟ. ಡಾಕ್ಟರ್ ಅದನ್ನು ಪೂರ್ತಿ ನೋಡಲಿಲ್ಲ, ಅರ್ಧಕ್ಕೇ ಫೋನು ವಾಪಸ್ ಕೊಟ್ಟು, ‘ಸ್ಟ್ರೋಕ್ ಆಗಿದೆ, ಆಗ್ಲೇ ಕರ್ಕೊಂಡು ಬಂದಿದ್ರೆ ರಕ್ತದ ಗಡ್ಡೆ ಕರಗೋ ಇಂಜೆಕ್ಷನ್ ಕೊಡಬಹುದಿತ್ತು’ ಎಂದಷ್ಟೇ ಹೇಳಿದರು. ಚಂದ್ರಶೇಖರ್ ಆಸ್ಪತ್ರೆಯ ಕಂಬ ಹಿಡಿದುಕೊಂಡು ಕೂತವನು ಏಳಲೇ ಇಲ್ಲ. ಈಗಲೂ ಬರುತ್ತಾನೆ, ಅಪ್ಪನ ಕಾಲ ಹತ್ತಿರ ಕೂರುತ್ತಾನೆ, ಮುಖ ನೋಡುವುದಿಲ್ಲ. ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅವನು ಅಪ್ಪನಿಗೆ ಕೊಟ್ಟ ಮರ್ಯಾದೆಯೇ ಅವರಿಗೆ ಮುಳುವಾಯಿತು ಎಂದು ಯಾರ ಹತ್ತಿರ ಹೇಳಿಕೊಳ್ಳಲಿ.

ಬಲಗೈ, ಬಲಗಾಲು ಬಿದ್ದುಹೋಗಿವೆ. ಮಾತೆಂದರೆ ಆ ಒಂದು ವಾಕ್ಯ. ನೀರು ಬೇಕಾದರೂ ಅದೇ, ಬೆನ್ನು ನೋವಾದರೂ ಅದೇ, ಹಾಸಿಗೆ ಒದ್ದೆಯಾದಾಗಲೂ ಅದೇ. ಸಿಟ್ಟು ಬಂದರೆ ‘ಹ್ಯಾಡ್’ ಮೇಲೆ ಒತ್ತು ಬೀಳುತ್ತದೆ, ಹಸಿವಾದರೆ ಸಣ್ಣ ದನಿಯಲ್ಲಿ ಬರುತ್ತದೆ. ನಾವು ದನಿ ನೋಡಿಕೊಂಡು ಊಹೆ ಮಾಡುತ್ತೇವೆ. ತಾವು ಅಂದುಕೊಂಡದ್ದು ಬೇರೆ, ಬಾಯಿಂದ ಬಂದದ್ದು ಬೇರೆ ಎಂದು ಅವರಿಗೆ ಗೊತ್ತಾಗುತ್ತದೆ ಹೇಮಂತ. ಅದೇ ನನಗೆ ಸಹಿಸಲಾಗದ್ದು. ಹೇಳಿ ಮುಗಿಸಿದ ಮೇಲೆ ಕಣ್ಣು ಮುಚ್ಚಿಕೊಳ್ಳುತ್ತಾರೆ. ಪಕ್ಕದ ಮನೆಯ ಜವರಮ್ಮ ಮಾತ್ರ ‘ಮೇಷ್ಟ್ರು ದಿನಾ ಇಂಗ್ಲೀಸ್ ಮಾತಾಡ್ತಾವ್ರೆ, ನಿಂಗೇನವ್ವ ಯೋಚ್ನೆ’ ಎಂದು ಮೊಮ್ಮಗಳನ್ನು ಕೇಳಿಸಿಕೊಳ್ಳಲು ತಂದು ಕೂರಿಸುತ್ತಾಳೆ. ಮಾತು ಕಲಿಸುವ ಹುಡುಗಿಯೊಬ್ಬಳು ಮೈಸೂರಿನಲ್ಲಿ ಲೋಟದ ಚಿತ್ರ, ಹಸುವಿನ ಚಿತ್ರ ತೋರಿಸಿದಳು. ಎಲ್ಲಕ್ಕೂ ನಿನ್ನ ಹೆಸರಿನಿಂದಲೇ ಶುರು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, ‘ಅದು ಮಾತಲ್ಲ ಅಕ್ಕ, ರೂಢಿ. ಮಗನ್ನ ಕರೀತಾವ್ರೆ ಅಂತ ಅಂದ್ಕೊಂಡು ಮನಸ್ಸಿಗೆ ಹಚ್ಕೋಬೇಡಿ’ ಅಂದಳು. ಅವಳು ಓದಿದವಳು, ಸರಿಯೇ ಇರಬಹುದು. ಆದರೆ ದಿನಕ್ಕೆ ಅಷ್ಟು ಸಲ ನಿನ್ನ ಹೆಸರು ಕೇಳಿಸಿಕೊಂಡು ಅದು ಬರೀ ರೂಢಿ ಎಂದು ನಂಬುವುದು ಹೇಗೋ ನನಗೆ ಗೊತ್ತಿಲ್ಲ.

ಒಂದು ಮಾತು ಬರೆಯದೆ ಇರಲಾರೆ, ನಗಬೇಡ. ಅವರ ಮೈ ಒರೆಸುವವಳು ನಾನು, ಗಂಜಿ ಕುಡಿಸುವವಳು ನಾನು, ಅಂಗಡಿಯ ಬಾಗಿಲನ್ನು ಅರ್ಧ ದಿನ ಮುಚ್ಚುವವಳು ನಾನು. ಅಪ್ಪ ಕರೆಯುವುದು ನಿನ್ನನ್ನು. ಸಿಟ್ಟು ಬರುತ್ತದೆ, ಆಮೇಲೆ ಅಳು ಬರುತ್ತದೆ. ಆಗಿನ ಕಾಲಕ್ಕೆ ಅವರು ಬಂದಾಗ ಬಾಗಿಲು ತೆಗೆಯುತ್ತಿದ್ದವಳೂ ನಾನೇ ಅಲ್ಲವೇ? ನೀನು ಮಲಗಿರುತ್ತಿದ್ದೆ, ನಾನು ಎದ್ದಿರುತ್ತಿದ್ದೆ. ಎದ್ದಿದ್ದವಳಿಗೆ ಅವರ ವಾಕ್ಯದಲ್ಲಿ ಜಾಗ ಸಿಗಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಇನ್ನೊಂದು ಶುರುವಾಯಿತು. ಸಂಘಮಿತ್ರಾಗೆ ಮುಂದಿನ ತಿಂಗಳು ಎಸ್ಸೆಸ್ಸೆಲ್ಸಿ ಪರೀಕ್ಷೆ. ಅವಳು ತಾತನ ಮಂಚದ ಹತ್ತಿರವೇ ಓದುವುದು. ಒಂದು ದಿನ ‘ಅಮ್ಮ, ತಾತ ಅರ್ಧ ಹೇಳಿ ನಿಲ್ಲಿಸ್ತಾವ್ರೆ, ನನ್ನ ಕೈಲಿ ಹೇಳ್ಸೋಕೆ’ ಎಂದು ಕುಣಿಯುತ್ತಾ ಬಂದಳು. ನಿಜ, ‘ಹೇಮಂತ್ ಹ್ಯಾಡ್ ಸ್ಲೆಪ್ಟ್’ ಎಂದು ನಿಲ್ಲಿಸಿ ನಮ್ಮ ಮುಖ ನೋಡುತ್ತಿದ್ದರು, ಹಿಂದೆ ಕ್ಲಾಸಿನಲ್ಲಿ ನೋಡುತ್ತಿದ್ದ ಹಾಗೆ. ನಮಗೆ ಎಷ್ಟು ಖುಷಿಯಾಯಿತು ಗೊತ್ತಾ? ಬುದ್ಧಿ ತಿಳಿಯಾಗುತ್ತಿದೆ, ಪಾಠ ಹೇಳಬೇಕು ಅನ್ನಿಸುತ್ತಿದೆ ಎಂದುಕೊಂಡೆವು. ಸಂಘಮಿತ್ರಾ ಉಳಿದರ್ಧ ಕೂಗುವಳು, ಕಾರ್ಖಾನೆಯಿಂದ ಬಂದ ನಿನ್ನ ಭಾವನೂ ಟಿಫನ್ ಬಾಕ್ಸ್ ಇಡುತ್ತಾ ದನಿ ಸೇರಿಸುವರು. ಆ ಕ್ಲಾಸ್‌ರೂಮಿನವರು ಮಾಡಿದ್ದನ್ನೇ ನಾವು ಮನೆಯಲ್ಲಿ ಮಾಡಿದೆವು. ಹೋದ ವಾರ ಡಾಕ್ಟರಿಗೆ ಇದನ್ನು ಸಂತೋಷದಿಂದ ಹೇಳಿದೆ. ಅವರು ಇನ್ನೊಂದು ಸ್ಕ್ಯಾನ್ ಮಾಡಿಸಿದರು. ತಲೆಯೊಳಗೆ ಮತ್ತೆ ಸಣ್ಣ ಸಣ್ಣ ಸ್ಟ್ರೋಕ್ ಆಗುತ್ತಿದೆಯಂತೆ. ವಾಕ್ಯದ ಉಳಿದರ್ಧವನ್ನು ಅಪ್ಪ ನಮಗಾಗಿ ಬಿಟ್ಟುಕೊಟ್ಟದ್ದಲ್ಲ, ಅಷ್ಟು ಭಾಗ ಅವರಿಂದ ಹೋಗಿಯೇಬಿಟ್ಟಿದೆ. ಹೋದದ್ದು ಬರುವುದಿಲ್ಲ, ಉಳಿದದ್ದು ಎಷ್ಟು ದಿನವೋ ಹೇಳಲಾಗುವುದಿಲ್ಲ ಎಂದರು. ಮನೆಗೆ ಬಂದು ಸಂಘಮಿತ್ರಾ ಆ ಪಾಠದ ಪುಟವನ್ನು ಮಡಿಚಿಟ್ಟಳು. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದರೆ ಬಿಟ್ಟುಬರುತ್ತೇನೆ ಎನ್ನುತ್ತಾಳೆ.

ನಿನ್ನನ್ನು ಹೆದರಿಸಲು ಬರೆಯುತ್ತಿಲ್ಲ. ನನಗೇ ಹೆದರಿಕೆಯಾಗಿದೆ, ಹೇಳಿಕೊಳ್ಳಲು ನೀನು ಬಿಟ್ಟರೆ ಇನ್ಯಾರಿದ್ದಾರೆ? ಜಗಳವಾಡಿದ ಅಪ್ಪನನ್ನು ನೋಡಲು ನೀನು ಬರಬೇಕಿಲ್ಲ, ಆ ಮನುಷ್ಯ ಈಗ ಇಲ್ಲ. ಕ್ಷಮಿಸು ಎನ್ನಲು ಅವರಿಗೆ ಮಾತಿಲ್ಲ, ನೀನು ಕೇಳಿದರೆ ಅರ್ಥವಾಗುತ್ತದೋ ಇಲ್ಲವೋ ಅದೂ ಗೊತ್ತಿಲ್ಲ. ಬಂದರೂ ಏನೂ ಸರಿಹೋಗುವುದಿಲ್ಲ ಎಂದು ನನಗೆ ಗೊತ್ತಿದ್ದೇ ಕರೆಯುತ್ತಿದ್ದೇನೆ. ಬೆಚ್ಚಗಿರು, ಯಂತ್ರದ ಮೇಲೆ ಹುಷಾರು. ನಿನ್ನ ಭಾವ ಕೇಳಿದ್ದೇನೆಂದು ಹೇಳು ಅಂದರು. ಸಂಘಮಿತ್ರಾ ಮಾವನಿಗೆ ನಮಸ್ಕಾರ ತಿಳಿಸಿದ್ದಾಳೆ. ಅವ್ವನ ಆಶೀರ್ವಾದ ಎಲ್ಲಿದ್ದರೂ ನಿನ್ನನ್ನು ಕಾಯಲಿ.

ನಿನ್ನ ದಾರಿ ನೋಡುತ್ತಿರುವ
ಅಕ್ಕ ಇಂದ್ರಾಣಿ

ಮರೆಯದೆ ಓದು: ಬುಧವಾರ ಬೆಳಿಗ್ಗೆ, ಕವರು ಅಂಟಿಸುವ ಮುಂಚೆ ಬರೆಯುತ್ತಿದ್ದೇನೆ. ಪೋಸ್ಟಿಗೆ ಹೊತ್ತಾಗುತ್ತಿದೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಇವತ್ತು ಗಂಜಿ ಕುಡಿಸುವಾಗ ಅಪ್ಪ ‘ಹೇಮಂತ್’ ಅಂದರು. ಹ್ಯಾಡ್ ಬರುತ್ತದೆ ಎಂದು ನಾನೂ ಸಂಘಮಿತ್ರಾಳೂ ಕಾದೆವು. ಬರಲಿಲ್ಲ. ಮತ್ತೆ ‘ಹೇಮಂತ್’ ಅಂದು ಬಾಗಿಲ ಕಡೆ ನೋಡಿದರು. ಈಗ ಅವರಲ್ಲಿ ಉಳಿದಿರುವುದು ಅದೊಂದೇ. ಮುಂದಕ್ಕೆ ಹೇಳಿಕೊಡಲು ನಮಗೂ ಏನೂ ಇರಲಿಲ್ಲ, ಅವರು ಬಾಯಿ ತೆರೆಯಲೊಲ್ಲರು, ಗಂಜಿ ಆರುತ್ತಿತ್ತು. ಕೊನೆಗೆ ನಾನೇ ‘ಹೂಂ ಅಪ್ಪ, ಎದ್ದಿದ್ದೀನಿ’ ಅಂದೆ. ಸುಮ್ಮನಾಗಿ ಗಂಜಿ ಕುಡಿದರು. ಆಗಿನಿಂದ ಅವರು ಕರೆದಾಗಲೆಲ್ಲ ನಾನೇ ಓಗೊಡುತ್ತಿದ್ದೇನೆ. ಇಂದ್ರಾಣಿ ಎಂದು ಅವರು ಇನ್ನು ಕರೆಯುವುದಿಲ್ಲ, ಅದಕ್ಕೆ ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೇನೆ. ಆದರೆ ನಿನ್ನ ಹೆಸರಿಗೆ ಎಷ್ಟು ದಿನ ಅಂತ ನಾನು ಹೂಂ ಅನ್ನಲಿ? ಅದು ಅವರ ಬಾಯಲ್ಲಿ ಇರುವಾಗಲೇ ಬಾ.